ಎಚೆವೇರಿಯಾ, ಹವೊರ್ಥಿಯಾ ಗಿಡಗಳಿಗೆ ಹಿಟ್ಟು ತಿಗಣೆ: ಸ್ಪಿರಿಟ್ ಹಚ್ಚಿದರೂ ಎರಡು ವಾರಕ್ಕೆ ಮತ್ತೆ ಹಾಜರ್, ಏನು ಮಾಡಲಿ?

ತಾರಸಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಊರು ಮೈಸೂರು, ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ, ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ನೇರ ಬಿಸಿಲು. ಎಲ್ಲ ಎಲೆ, ಕಾಂಡದಲ್ಲಿ ನೀರು ತುಂಬಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡಗಳು, ಒಟ್ಟು 38 ಕುಂಡಗಳು: ಎಚೆವೇರಿಯಾ 14, ಹವೊರ್ಥಿಯಾ 9, ಗ್ರಾಪ್ಟೊಪೆಟಲಮ್ 5, ಜೇಡ್ 4, ಸಣ್ಣ ಕಳ್ಳಿಗಳು 5, ಒಂದು ಲೋಳೆಸರ. ಮಣ್ಣಿನ ಮಿಶ್ರಣದಲ್ಲಿ ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಲು ಭಾಗ ಕೆಂಪು ಮಣ್ಣು, ಕಾಲು ಭಾಗ ಮರಳು. ವಾರಕ್ಕೊಮ್ಮೆ ಬೋರ್‌ವೆಲ್ ನೀರು.

ಫೆಬ್ರವರಿ ಕೊನೆಯಿಂದ ಎಚೆವೇರಿಯಾಗಳ ಸುಳಿಯಲ್ಲಿ, ಕೆಳ ಎಲೆಗಳ ಸಂದಿನಲ್ಲಿ ಹತ್ತಿಯಂಥ ಬಿಳಿ ಉಂಡೆಗಳು. ಹೊಸ ಎಲೆ ಸೊಟ್ಟಗೆ ಬರುತ್ತಿದೆ, ಕುಂಡದ ಅಂಚು ಅಂಟಂಟು, ಇರುವೆ ಸಾಲು ಇದ್ದೇ ಇದೆ. ಹದಿನೈದು ದಿನಕ್ಕೊಮ್ಮೆಯಂತೆ ಮೂರು ಸಲ ಹತ್ತಿಕಡ್ಡಿಯಲ್ಲಿ ಸರ್ಜಿಕಲ್ ಸ್ಪಿರಿಟ್ ಹಚ್ಚಿದ್ದಾಯಿತು. ಹಚ್ಚಿದ ದಿನ ಪೂರ್ತಿ ಸ್ವಚ್ಛ, ಎರಡು ವಾರದಲ್ಲಿ ಮತ್ತೆ ಅಷ್ಟೇ. ನಡುವೆ ಒಮ್ಮೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ ಹೊಡೆದದ್ದಕ್ಕೆ ಎರಡು ಗಿಡಗಳ ಎಲೆಯ ಮೇಲೆ ಸಹಜವಾಗಿ ಇರುವ ಬೂದಿಯಂಥ ಪುಡಿ ಹೋಗಿ ಕಂದು ಕಲೆ ಬಿದ್ದಿದೆ.

ಮೂರು ಹವೊರ್ಥಿಯಾಗಳ ಮೇಲೆ ಹುಳ ಒಂದೂ ಕಾಣುವುದಿಲ್ಲ. ಆದರೂ ನೀರು ಹಾಕಿದ ಮೇಲೂ ಎಲೆ ಸೊರಗಿಯೇ ಇವೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ? ಹುಳ ಹಿಡಿದ ಗಿಡಗಳನ್ನು ಎಸೆಯಬೇಕೋ, ಉಳಿಸಬಹುದೋ?

ಕಳ್ಳಿಕುಂಡ

ಎಸೆಯಬೇಡಿ, ಬಹುಪಾಲು ಉಳಿಯುತ್ತವೆ. ನೀವು ಬಳಸಿದ ಔಷಧಿಯಲ್ಲಿ ತಪ್ಪಿಲ್ಲ, ದಿನದ ಲೆಕ್ಕದಲ್ಲಿ ತಪ್ಪಿದೆ.

ಹಿಟ್ಟು ತಿಗಣೆಯ ಹೆಣ್ಣು ಮೇಣದ ಎಳೆಗಳಿಂದ ಹತ್ತಿಯಂಥ ಚೀಲ ಕಟ್ಟಿ ಅದರೊಳಗೆ ನೂರಾರು ಮೊಟ್ಟೆ ಇಡುತ್ತದೆ. ನೀವು ನೋಡುವ ಬಿಳಿ ಉಂಡೆ ಬಹಳ ಸಲ ಆ ಚೀಲವೇ. ಸ್ಪಿರಿಟ್ ತಾಗಿದ ದೊಡ್ಡ ಹುಳ ಸಾಯುತ್ತದೆ, ಚೀಲದ ಒಳಪದರದಲ್ಲಿರುವ ಮೊಟ್ಟೆಗಳಲ್ಲಿ ಒಂದಷ್ಟು ಉಳಿದುಬಿಡುತ್ತವೆ. ಈಗಿನ ಸೆಕೆಗೆ ಅವು ವಾರ, ಹತ್ತು ದಿನದಲ್ಲಿ ಒಡೆಯುತ್ತವೆ. ಹೊರಬಂದ ಮರಿಗಳು ತೆಳು ಹಳದಿ ಬಣ್ಣದವು, ಚಿರೋಟಿ ರವೆಯ ಕಣಕ್ಕಿಂತ ಚಿಕ್ಕವು, ಮೈಮೇಲೆ ಮೇಣ ಇರುವುದಿಲ್ಲ. ಒಂದೆರಡು ದಿನ ಅಲ್ಲಿ ಇಲ್ಲಿ ಓಡಾಡಿ ಎಳೆ ಎಲೆಯ ಸಂದು ಸೇರಿ, ಸೂಜಿಬಾಯಿ ಚುಚ್ಚಿ ಕೂತುಬಿಡುತ್ತವೆ. ಆಮೇಲೆ ದಿನದಿನಕ್ಕೂ ಮೈಮೇಲೆ ಮೇಣ ಏರುತ್ತದೆ. ಸ್ಪಿರಿಟ್, ಸೋಪು, ಎಣ್ಣೆ ಯಾವುದೇ ಆಗಲಿ, ಸುಲಭವಾಗಿ ಕೊಲ್ಲುವುದು ಮೇಣ ಏರುವ ಮುಂಚಿನ ಈ ಮರಿಗಳನ್ನೇ. ಹದಿನೈದು ದಿನ ಬಿಟ್ಟರೆ ಆ ಅವಕಾಶ ದಾಟಿಹೋಗಿರುತ್ತದೆ. ಇಡೀ ಜೀವನಚಕ್ರ ಬೇಸಿಗೆಯಲ್ಲಿ ಸುಮಾರು ಒಂದು ತಿಂಗಳು. ಅದಕ್ಕೇ 7 ದಿನಕ್ಕೊಮ್ಮೆಯಂತೆ 5 ಸುತ್ತು ಮಾಡಲೇಬೇಕು. ಮೂರನೇ ಸುತ್ತಿಗೆ ಏನೂ ಕಾಣದಿದ್ದರೂ ನಿಲ್ಲಿಸಬಾರದು. ಐದನೇ ಸುತ್ತಿನಲ್ಲಿ ಒಂದೇ ಒಂದು ಹುಳ ಸಿಕ್ಕರೂ ಇನ್ನೆರಡು ಸುತ್ತು ಸೇರಿಸಿ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ, ನೆನಪಿನ ಮೇಲೆ ಬಿಟ್ಟರೆ ಒಂದು ವಾರ ತಪ್ಪುತ್ತದೆ, ಅಲ್ಲಿಗೆ ಎಲ್ಲ ಮೊದಲಿನಿಂದ.

ಇನ್ನು ಹಚ್ಚುವ ಕ್ರಮ. ಮೊದಲು ಬುಡದಲ್ಲಿ ಒಣಗಿ ಅಂಟಿಕೊಂಡಿರುವ ಎಲೆಗಳನ್ನೆಲ್ಲ ಕಿತ್ತು ಕವರಿಗೆ ಹಾಕಿ. ಎಚೆವೇರಿಯಾದಲ್ಲಿ ಹುಳಗಳ ಅಡಗುತಾಣ ಅದೇ, ಅಲ್ಲಿಗೆ ಯಾವ ಔಷಧಿಯೂ ಹೋಗುವುದಿಲ್ಲ. ಹತ್ತಿಕಡ್ಡಿ ಬಿಟ್ಟು ಚಿತ್ರ ಬಿಡಿಸುವ 2 ನಂಬರ್ ಬ್ರಷ್ ತಗೊಳ್ಳಿ. ಹತ್ತಿಕಡ್ಡಿಯ ತಲೆ ದಪ್ಪ, ಎಲೆ ಸಂದಿಗೆ ಇಳಿಯುವುದಿಲ್ಲ, ಜೊತೆಗೆ ಎಲೆಯ ಬೂದಿಯನ್ನು ಒರೆಸಿಬಿಡುತ್ತದೆ. ಬ್ರಷ್ಷಿನ ತುದಿ ಸ್ಪಿರಿಟ್‌ನಲ್ಲಿ ಅದ್ದಿ ಹುಳದ ಮೇಲೆ ಮುಟ್ಟಿಸಿ, ಉಜ್ಜಬೇಡಿ. ಬಿಳಿ ಮೇಣ ಕರಗಿ ಒಳಗಿನ ಹುಳ ಕಂದು ಕೆಂಪಾಗಿ ಕಂಡರೆ ಸ್ಪಿರಿಟ್ ತಲುಪಿದೆ ಎಂದರ್ಥ. ಇನ್ನೂ ಬೆಳ್ಳಗೇ ಇದ್ದರೆ ಮತ್ತೊಮ್ಮೆ ಮುಟ್ಟಿಸಿ. ಆಮೇಲೆ ಅದೇ ಬ್ರಷ್ಷಿನಿಂದ ಸತ್ತ ಹುಳ, ಹತ್ತಿ ಎರಡನ್ನೂ ಎತ್ತಿ ತೆಗೆಯಿರಿ. ಹಾಗೇ ಬಿಟ್ಟರೆ ಮುಂದಿನ ವಾರ ಇದು ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ.

ಸ್ಪಿರಿಟ್ ಶೇ. 70ರದ್ದೇ ಸಾಕು, ಶೇ. 99ರದ್ದಕ್ಕಿಂತ ಅದೇ ಒಳ್ಳೆಯದು. ಗಾಢವಾದದ್ದು ಕಣ್ಮುಚ್ಚಿ ತೆರೆಯುವಷ್ಟರಲ್ಲಿ ಆರಿಹೋಗುತ್ತದೆ, 70ರದ್ದು ಸ್ವಲ್ಪ ಹೊತ್ತು ನಿಂತು ಒಳಗಿಳಿಯುತ್ತದೆ. ಸ್ಯಾನಿಟೈಸರ್ ಜೆಲ್ ಬೇಡವೇ ಬೇಡ, ಅದರಲ್ಲಿರುವ ಗ್ಲಿಸರಿನ್, ಸುಗಂಧ ಎಲೆಯ ಮೇಲೆ ಪದರ ಕಟ್ಟುತ್ತವೆ. ಇಡೀ ಗಿಡಕ್ಕೆ ಸಿಂಪಡಿಸುವುದಾದರೆ ಸ್ಪಿರಿಟ್ 1 ಭಾಗಕ್ಕೆ ನೀರು 1 ಭಾಗ. ಪ್ರತಿ ಜಾತಿಯಲ್ಲೂ ಒಂದು ಕೆಳ ಎಲೆಗೆ ಮಾತ್ರ ಹೊಡೆದು 48 ಗಂಟೆ ನೋಡಿ, ಕಲೆ ಬೀಳದಿದ್ದರೆ ಮುಂದುವರಿಯಿರಿ. ಕೆಲಸ ಸಂಜೆ ಐದರ ನಂತರ. ಮಾರನೆಯ ದಿನ ಬೆಳಗಿನ ಬಿಸಿಲೂ ಬೀಳದ ಹಾಗೆ ಒಂದು ಹಾಳೆ ಅಡ್ಡ ಕಟ್ಟಿ. ದೀಪ, ಊದುಬತ್ತಿ, ಸೊಳ್ಳೆ ಬತ್ತಿ ಹತ್ತಿರ ಇರಕೂಡದು.

ಬೇವಿನ ಎಣ್ಣೆಯ ಕಲೆ ಬಗ್ಗೆ. 5 ಮಿ.ಲೀ. ತರಕಾರಿ ಗಿಡದ ಅಳತೆ. ರಸ ತುಂಬಿದ ಎಲೆಗೆ 2 ಮಿ.ಲೀ. ಸಾಕು, ಬೂದಿ ಇರುವ ಎಚೆವೇರಿಯಾಗೆ ಅದೂ ಬೇಡ. ಆ ಬೂದಿ ಗಿಡ ತಾನೇ ಉಂಟುಮಾಡಿಕೊಂಡ ಬಿಸಿಲಿನ ಕೊಡೆ. ಎಣ್ಣೆ ಅದನ್ನು ಕರಗಿಸಿತು, ಮಾರನೆಯ ಬಿಸಿಲು ಸುಟ್ಟಿತು. ಹೋದ ಬೂದಿ ಆ ಎಲೆಗೆ ಹಿಂದಿನಂತೆ ತುಂಬಿ ಬರುವುದಿಲ್ಲ, ಸುಳಿಯಿಂದ ಬರುವ ಹೊಸ ಎಲೆಗಳಿಗೇ ಕಾಯಬೇಕು.

ಇನ್ನೊಂದು, ನಿಮ್ಮದು ಬೋರ್‌ವೆಲ್ ನೀರು ಅಂದಿದ್ದೀರಿ. ಬೇವಿನ ಎಣ್ಣೆ ನೀರಿಗೆ ಬೆರೆಯಲೆಂದು ಹಾಕುವ ಸೋಪು ಗಡಸು ನೀರಿನಲ್ಲಿ ಬಿಳಿ ಕೆನೆಯಾಗಿ ಒಡೆಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ತಳದಲ್ಲಿ ಬರೀ ನೀರು, ಮೇಲೆ ಬರೀ ಎಣ್ಣೆ. ಬಾಟಲಿ ಅಲುಗಾಡಿಸದೆ ಹೊಡೆದರೆ ಒಂದು ಗಿಡಕ್ಕೆ ಏನೂ ಸಿಗುವುದಿಲ್ಲ, ಇನ್ನೊಂದಕ್ಕೆ ಮೂರು ಪಟ್ಟು. ಬಹುಶಃ ನಿಮ್ಮ ಎರಡೇ ಗಿಡಕ್ಕೆ ಕಲೆ ಬಿದ್ದದ್ದು ಹೀಗೆ. ಫಿಲ್ಟರ್ ನೀರು ಅಥವಾ ಮಳೆನೀರು ಬಳಸಿ. ಮೊದಲು ಎಣ್ಣೆಗೆ ಸೋಪಿನ ದ್ರಾವಣ ಬೆರೆಸಿ ಹಾಲಿನಂತೆ ಬೆಳ್ಳಗಾಗುವವರೆಗೆ ಕಲಕಿ, ಆಮೇಲೆ ಉಗುರು ಬೆಚ್ಚಗಿನ ನೀರು ಸೇರಿಸಿ. ಕಲಸಿದ್ದನ್ನು ಅಂದೇ ಮುಗಿಸಬೇಕು.

ಮಣ್ಣು_ಮರಳು

ಹವೊರ್ಥಿಯಾ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಪ್ರಶ್ನೆಯ ಗುಟ್ಟು ಅಲ್ಲೇ ಇದೆ ಅನಿಸುತ್ತದೆ. ಮೇಲೆ ಹುಳ ಇಲ್ಲ, ನೀರು ಕೊಟ್ಟರೂ ಎಲೆ ತುಂಬಿಕೊಳ್ಳುವುದಿಲ್ಲ ಅಂದರೆ ಎರಡೇ ಸಾಧ್ಯತೆ: ಬೇರು ಕೊಳೆತಿದೆ, ಇಲ್ಲವೇ ಬೇರಿಗೆ ಹಿಟ್ಟು ತಿಗಣೆ ಹತ್ತಿದೆ. ಇವತ್ತೇ ಒಂದು ಗಿಡ ಕುಂಡದಿಂದ ಜಾರಿಸಿ ನೋಡಿ. ಮಣ್ಣಿನ ಗಡ್ಡೆಯ ಹೊರಮೈ ಮೇಲೆ, ಕುಂಡದ ಒಳಗೋಡೆಗೆ ಸುಣ್ಣ ಬಳಿದಂತೆ ನೀಲಿ ಛಾಯೆಯ ಬಿಳಿ ಪುಡಿ ಇದ್ದರೆ ಬೇರಿನ ತಿಗಣೆ. ಅಕ್ಕಿನುಚ್ಚಿನಷ್ಟು ಉದ್ದನೆಯ ಬಿಳಿ ಹುಳಗಳು ಬೇರಿನ ಮೇಲೆ ನಿಧಾನವಾಗಿ ಹರಿಯುತ್ತಿರುತ್ತವೆ. ಬೇರು ಕಪ್ಪಾಗಿ ಎಳೆದರೆ ಸಿಪ್ಪೆ ಕಳಚಿ ಬಂದರೆ ಅದು ಕೊಳೆ, ಅದರ ದಾರಿ ಬೇರೆ.

ಬಿಳಿ ಕಂಡದ್ದೆಲ್ಲ ಹುಳ ಅಲ್ಲ ಎನ್ನುವುದೂ ನೆನಪಿರಲಿ. ಮಣ್ಣಿಗೆ ಬೆರೆಸುವ ಹಗುರವಾದ ಬಿಳಿ ಪರ್ಲೈಟ್ ಕಾಳು ಉಗುರಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಶಿಲೀಂಧ್ರದ ಎಳೆ ಬಲೆಯಂತೆ ಹರಡಿರುತ್ತದೆ, ನೀರು ಬಿದ್ದರೆ ಒದ್ದೆಯಾಗಿ ಮಾಯವಾಗುತ್ತದೆ. ತಿಗಣೆಯ ಮೇಣದ ಮೇಲೆ ನೀರು ಬಿಟ್ಟರೆ ಮುತ್ತಿನಂತೆ ಉರುಳುತ್ತದೆ, ಮೇಣ ಒದ್ದೆಯಾಗುವುದಿಲ್ಲ. ಭೂತಗನ್ನಡಿ ಇಲ್ಲದವರಿಗೆ ಇದೇ ಒಳ್ಳೆಯ ಪರೀಕ್ಷೆ.

ಬೇರಿನ ತಿಗಣೆ ಖಚಿತವಾದರೆ ಹೀಗೆ ಮಾಡಿ:

1. ಹಳೆ ಮಣ್ಣು ಪೂರ್ತಿ ತೆಗೆದು ಕವರಿನಲ್ಲಿ ಗಂಟು ಕಟ್ಟಿ ಕಸಕ್ಕೆ. ಬೇರೆ ಕುಂಡಕ್ಕಾಗಲಿ, ಕೆಳಗಿನ ತೋಟಕ್ಕಾಗಲಿ ಸುರಿಯಬೇಡಿ.

2. ಬೇರನ್ನು ನಲ್ಲಿ ನೀರಿನಲ್ಲಿ ರಭಸವಾಗಿ ತೊಳೆಯಿರಿ. ಕೂದಲಿನಂಥ ಒಣ ಬೇರುಗಳನ್ನೆಲ್ಲ ಕತ್ತರಿಸಿ, ದಪ್ಪ ಬಿಳಿ ಬೇರು ಉಳಿಸಿ. ಹವೊರ್ಥಿಯಾದ ಬೇರು ಬುಡ ಸೇರುವ ಕಡೆ ಒಣ ಎಲೆಯ ಪೊರೆ ಇರುತ್ತದೆ, ಅದನ್ನು ಸುಲಿಯಲೇಬೇಕು, ಹುಳ ಅದರಡಿ ಉಂಗುರದ ಹಾಗೆ ಕೂತಿರುತ್ತವೆ.

3. ಲೀಟರ್ ನೀರಿಗೆ ಬೇವಿನ ಸೋಪು 5 ಗ್ರಾಂ ತುರಿದು ಕರಗಿಸಿ, ಬೇರಿನ ಭಾಗ ಮಾತ್ರ 15 ನಿಮಿಷ ಮುಳುಗಿಸಿ. ಎಲೆ ಸುಳಿಗೆ ಈ ನೀರು ನಿಲ್ಲಬಾರದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಎರಡೂ ಇದಕ್ಕೆ ಆಗುತ್ತವೆ. ಪಾತ್ರೆ ತೊಳೆಯುವ ಲಿಕ್ವಿಡ್ ಸೋಪಲ್ಲ, ಡಿಟರ್ಜೆಂಟ್. ಅದು ಎಲೆಯ ಮೇಣವನ್ನೂ ಕೀಳುತ್ತದೆ.

4. ಮತ್ತೆ ಬರೀ ನೀರಿನಲ್ಲಿ ತೊಳೆದು ನೆರಳಿನಲ್ಲಿ ಕಾಗದದ ಮೇಲೆ 4–5 ದಿನ ಒಣಗಿಸಿ. ಒಂದು ವಾರ ಆದರೂ ಗಿಡಕ್ಕೆ ತೊಂದರೆಯಿಲ್ಲ. ಗಾಯ ಒಣಗುವ ಮೊದಲೇ ನೆಟ್ಟರೆ ಹುಳದಿಂದ ಉಳಿದದ್ದು ಕೊಳೆಯಿಂದ ಹೋಗುತ್ತದೆ.

5. ಹೊಸ ಮಿಶ್ರಣಕ್ಕೆ ನೆಟ್ಟು ಐದು ದಿನ ಬಿಟ್ಟು ಮೊದಲ ನೀರು. ಮೂರು ವಾರಕ್ಕೆ ಮತ್ತೆ ಜಾರಿಸಿ ನೋಡಿ.

ಕುಂಡದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮಣ್ಣಿನ ಕುಂಡದ ರಂಧ್ರಗಳಲ್ಲಿ, ತಳದ ತೂತಿನ ಅಂಚಿನಲ್ಲಿ ಮೊಟ್ಟೆ ಉಳಿಯುತ್ತವೆ. ಕುದಿಯುವ ನೀರಿನಲ್ಲಿ ಕುಂಡ ಮುಳುಗಿಸಿ ಹತ್ತು ನಿಮಿಷ ಬಿಡಿ. ತಣ್ಣಗಿನ ಕುಂಡವನ್ನು ಏಕಾಏಕಿ ಕುದಿನೀರಿಗೆ ಹಾಕಿದರೆ ಸೀಳುತ್ತದೆ, ಮೊದಲು ಬಿಸಿನೀರಿನಲ್ಲಿ ನೆನೆಸಿಟ್ಟುಕೊಳ್ಳಿ. ಪ್ಲಾಸ್ಟಿಕ್ ಕುಂಡವನ್ನು ಸೋಪು ಹಾಕಿ ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಒಂದು ಭಾಗ ಬ್ಲೀಚಿಂಗ್ ದ್ರಾವಣಕ್ಕೆ ಒಂಬತ್ತು ಭಾಗ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತೊಳೆದು ಒಣಗಿಸಿ. ಕುಂಡದ ಕೆಳಗಿನ ತಟ್ಟೆಯನ್ನೂ. ತಟ್ಟೆಯಲ್ಲಿ ನಿಂತ ನೀರಿನ ಮೂಲಕ, ಒಂದಕ್ಕೊಂದು ತಾಗಿದ ಕುಂಡಗಳ ತಳದ ತೂತಿನ ಮೂಲಕ ಬೇರಿನ ತಿಗಣೆ ಪಕ್ಕದ ಕುಂಡಕ್ಕೆ ದಾಟುತ್ತದೆ.

ನಿಮ್ಮ ಮಿಶ್ರಣದಲ್ಲಿ ಕೋಕೋಪೀಟ್ ಅರ್ಧ ಅಂದಿರಿ, ಅದು ಜಾಸ್ತಿ. ಕೋಕೋಪೀಟ್ ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಅಂಚಿನಿಂದ ಇಳಿದು ಹೋಗುತ್ತದೆ. ನಡುವಿನ ಗಡ್ಡೆ ಒಣಗಿಯೇ ಇರುತ್ತದೆ, ಬೇರಿನ ತಿಗಣೆಗೆ ಬೇಕಾದದ್ದೂ ಅಂಥ ಒಣ ಜಾಗವೇ. ಇಟ್ಟಿಗೆ ಚೂರು ಅಥವಾ ಪ್ಯೂಮಿಸ್ (ತೂತುತೂತಾದ ಹಗುರ ಕಲ್ಲು) 3ರಿಂದ 6 ಮಿ.ಮೀ. ಗಾತ್ರದ್ದು ಎರಡು ಭಾಗ, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಭಾಗ, ಕೋಕೋಪೀಟ್ ಅರ್ಧ ಭಾಗ ಮಾಡಿ ನೋಡಿ. ಇಟ್ಟಿಗೆ ಚೂರನ್ನು ಜರಡಿ ಹಿಡಿದು ಪುಡಿಯನ್ನು ತೆಗೆದುಹಾಕಬೇಕು, ಇಲ್ಲದಿದ್ದರೆ ತಳದಲ್ಲಿ ಕೆಸರು ಕಟ್ಟುತ್ತದೆ.

ಹುಬ್ಬಳ್ಳಿ_ಹಸಿರು

ಎಲ್ಲಾರೂ ಹುಳದ ಬಗ್ಗೆ ಹೇಳ್ಯಾರ, ನಾ ಇರುವಿ ಬಗ್ಗೆ ಹೇಳ್ತೀನ್ರಿ. ಇರುವಿ ಇದ್ದಲ್ಲಿ ಈ ಐದು ಸುತ್ತಿನ ಕೆಲಸ ದಡ ಮುಟ್ಟೂದಿಲ್ಲ.

ತಿಗಣಿ ರಸ ಹೀರಿ ಹಿಂದಿನಿಂದ ಸಿಹಿ ಅಂಟು ಬಿಡ್ತದ, ಕುಂಡದ ಅಂಚಿನ ಅಂಟು ಅದಾ. ಇರುವಿಗೆ ಅದು ಊಟ. ಊಟ ಕೊಡೋ ಹುಳಾನ ಇರುವಿ ಕಾಯ್ತದ. ತಿನ್ನಾಕ ಬರೋ ಗುಲಗಂಜಿ ಹುಳಾನ ಓಡಸ್ತದ, ಮರಿ ತಿಗಣಿನ ಎತ್ತಿಕೊಂಡು ಹೋಗಿ ಹೊಸ ಗಿಡದ ಮ್ಯಾಲ ಬಿಡ್ತದ. ಒಂದು ಕಟ್ಟಿ ಮ್ಯಾಲಿನ ಗಿಡ ಸ್ವಚ್ಛ ಮಾಡಿದ್ರ ಇನ್ನೊಂದು ಕಟ್ಟಿ ಮ್ಯಾಲ ಹುಟ್ಟೂದು ಹಿಂಗ.

ಸಾಲಿನ ಮ್ಯಾಲ ಲಕ್ಷ್ಮಣರೇಖಾ ಎಳದ್ರ ಕಂಡ ಇರುವಿ ಅಷ್ಟಾ ಸಾಯ್ತಾವ, ಗೂಡು ಹಂಗಾ ಇರ್ತದ. ಗೂಡಿಗೆ ಮುಟ್ಟಬೇಕಂದ್ರ ನಿಧಾನ ಕೊಲ್ಲೋ ಆಹಾರ ಇಡಬೇಕು. 100 ಮಿ.ಲೀ. ಬಿಸಿ ನೀರು, 10 ಗ್ರಾಂ ಸಕ್ಕರಿ, 1 ಗ್ರಾಂ ಬೋರಿಕ್ ಆಸಿಡ್ ಪುಡಿ. ಪೂರ್ತಿ ಕರಗಬೇಕು. ಬಾಟಲಿ ಮುಚ್ಚಳದಾಗ ಹತ್ತಿ ಉಂಡಿ ಇಟ್ಟು ನೆನಸಿ, ಸಾಲಿನ ಬಾಜೂಕ ಇಡ್ರಿ. ಬೋರಿಕ್ ಜಾಸ್ತಿ ಹಾಕಿದ್ರ ಲಗೂ ಸಾಯ್ತಾವ ಅಂತ ತಿಳ್ಕೋಬ್ಯಾಡ್ರಿ. ಜಾಸ್ತಿ ಆದ್ರ ಇರುವಿ ದಾರಿಯೊಳಗ ಸಾಯ್ತದ, ಇಲ್ಲಾ ಮುಟ್ಟೂದಾ ಇಲ್ಲ. ಶೇ. 1 ಇದ್ರ ಗೂಡಿನ ತನಕ ಹೊತ್ಕೊಂಡು ಹೋಗಿ ರಾಣಿಗೆ, ಮರಿಗೆ ಉಣಿಸ್ತದ. ಮೊದಲ ಎರಡು ದಿನ ಸಾಲು ದಪ್ಪ ಆಗ್ತದ, ಗಾಬರಿ ಆಗಬ್ಯಾಡ್ರಿ, ಒರಸಬ್ಯಾಡ್ರಿ. ಎರಡು ದಿನಕ್ಕೊಮ್ಮೆ ಹತ್ತಿ ಬದಲಿಸಿ ಎರಡು ವಾರ ಇಡಬೇಕು. ಮಕ್ಕಳು, ನಾಯಿ, ಬೆಕ್ಕು ಮುಟ್ಟದಂಗ ಕುಂಡದ ಹಿಂದ ಇಡ್ರಿ. ಕೇರಂ ಬೋರ್ಡಿಗೆ ಹಾಕೋ ಪುಡಿ ಬೋರಿಕ್ ಅಂತ ಎಲ್ಲಾರೂ ಹೇಳ್ತಾರ, ಈಗಿನ ಡಬ್ಬ್ಯಾಗ ಎಲ್ಲಾದ್ರಾಗೂ ಅದಾ ಇರೂದಿಲ್ಲ. ಔಷಧಿ ಅಂಗಡ್ಯಾಗ ಕೇಳಿ ತಗೋರಿ.

ಸ್ಟ್ಯಾಂಡಿನ ಕಾಲಿಗೆ ಎರಡು ಬೆರಳಗಲ ಪೆಟ್ರೋಲಿಯಂ ಜೆಲ್ಲಿ ಸವರಿ, ಧೂಳು ಕೂತ್ರ ಮತ್ತ ಸವರ್ರಿ. ಗಿಡದ ಒಂದು ಎಲಿ ಗ್ವಾಡಿಗೆ ತಾಗಿದ್ರೂ ಅದು ಇರುವಿಗೆ ಸೇತುವಿ.

ತಾರಸಿ_ಮೈಸೂರು

ಬಹಳ ಧನ್ಯವಾದ. ಹವೊರ್ಥಿಯಾ ಜಾರಿಸಿ ನೋಡಿದೆ, ನೀಲಿ ಛಾಯೆಯ ಬಿಳಿ ಪುಡಿಯೇ. ಒಂಬತ್ತರಲ್ಲಿ ಆರಕ್ಕಿದೆ, ಎಚೆವೇರಿಯಾ ಎರಡರ ಬೇರಿಗೂ ಇದೆ. ನೀರಿನ ಹನಿ ನಿಜಕ್ಕೂ ಉರುಳಿಹೋಗುತ್ತದೆ.

ಎರಡು ಪ್ರಶ್ನೆ. ಗೊಬ್ಬರದ ಅಂಗಡಿಯವರು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಡುತ್ತೇನೆ ಅಂದರು, ಹಾಕಬಹುದೇ? ಇನ್ನೊಂದು, ಜೇಡ್ ಗಿಡದ ಮೇಲೆ ಮಾಮೂಲಿಗಿಂತ ಮೂರು ಪಟ್ಟು ದೊಡ್ಡದಾದ, ಮೈತುಂಬ ಬಿಳಿ ಜಡೆಗಳಿರುವ ಎರಡು ಹುಳ ಸಿಕ್ಕಿವೆ. ಬಹಳ ಚುರುಕಾಗಿ ಓಡಾಡುತ್ತವೆ. ಇದು ದೊಡ್ಡ ಜಾತಿಯ ತಿಗಣೆಯೇ?

ಕೀಟ_ಗಮನ

ಆ ಎರಡನ್ನು ದಯವಿಟ್ಟು ಕೊಲ್ಲಬೇಡಿ. ಚುರುಕಾಗಿ ಓಡಾಡುತ್ತವೆ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಬೆಳೆದ ಹಿಟ್ಟು ತಿಗಣೆ ಕೂತಲ್ಲೇ ಕೂತಿರುತ್ತದೆ, ಮುಟ್ಟಿದರೂ ಕಷ್ಟಪಟ್ಟು ಒಂದೆರಡು ಹೆಜ್ಜೆ. ನಿಮಗೆ ಸಿಕ್ಕಿರುವುದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿ. ತಾನು ತಿನ್ನುವ ತಿಗಣೆಯ ವೇಷವನ್ನೇ ಹಾಕಿಕೊಂಡಿರುತ್ತದೆ. ತಿರುಗಿಸಿ ನೋಡಿ: ತಿಗಣೆಯ ಮೇಣದ ಕಡ್ಡಿಗಳು ಮೈ ಸುತ್ತ ಅಂಚಿನಲ್ಲಿ ಗಿಡ್ಡವಾಗಿ, ಸಾಲಾಗಿ ಇರುತ್ತವೆ. ಈ ಮರಿಯ ಜಡೆಗಳು ಬೆನ್ನ ಮೇಲೆಲ್ಲ ಉದ್ದುದ್ದ, ಅಸ್ತವ್ಯಸ್ತ. ಬೆಳೆದಾಗ ಇದು ಸೆಂಟಿಮೀಟರ್ ದಾಟುತ್ತದೆ. ಪ್ರೌಢ ಹುಳ ಸಾಸಿವೆ ಕಾಳಿಗಿಂತ ಒಂದಿಷ್ಟು ದೊಡ್ಡದು, ರೆಕ್ಕೆಕವಚ ಕಪ್ಪುಕಂದು, ತಲೆ ಕಿತ್ತಳೆ. ಮೂಲ ಆಸ್ಟ್ರೇಲಿಯಾದ್ದು. 1898ರಲ್ಲಿ ಕಾಫಿ ಗಿಡದ ಹಸಿರು ಶಲ್ಕ ಕೀಟದ (ಎಲೆಗೆ ಹೊಪ್ಪಳೆಯಂತೆ ಅಂಟಿ ರಸ ಹೀರುವ ಹುಳ) ಮೇಲೆ ಬಿಡಲೆಂದು ಭಾರತಕ್ಕೆ ತಂದರು. ತಂದ ಕೆಲಸಕ್ಕೆ ಅಷ್ಟಾಗಿ ಒದಗಲಿಲ್ಲ, ದಕ್ಷಿಣ ಭಾರತದಲ್ಲಿ ಹಿಟ್ಟು ತಿಗಣೆಯ ಮೇಲೆ ನೆಲೆಯಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಇಂಥ ಉಪಕಾರಿ ಕೀಟಗಳ ಮೇಲೆ ಕೆಲಸ ಮಾಡುವ ಸಂಸ್ಥೆ. ದ್ರಾಕ್ಷಿ, ಕಾಫಿ ತೋಟದವರು ಕ್ರಿಪ್ಟೊಲೀಮಸ್ ತರಿಸಿ ಬಿಡುತ್ತಾರೆ. 38 ಕುಂಡಕ್ಕೆ ದುಡ್ಡು ಕೊಟ್ಟು ತರಿಸುವುದು ನಿಷ್ಪ್ರಯೋಜಕ, ಊಟ ಮುಗಿದ ತಕ್ಷಣ ಹಾರಿಹೋಗುತ್ತವೆ. ತಾವಾಗಿ ಬಂದದ್ದನ್ನು ಉಳಿಸಿಕೊಳ್ಳಿ. ಆ ಜೇಡ್ ಗಿಡಕ್ಕೆ ಸ್ಪಿರಿಟ್, ಎಣ್ಣೆ ಏನೂ ಬೇಡ, ಇರುವೆ ಮಾತ್ರ ಹತ್ತದಂತೆ ನೋಡಿಕೊಳ್ಳಿ.

ಇಮಿಡಾಕ್ಲೋಪ್ರಿಡ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಎಲೆಯ ಮೇಲಿನ ತಿಗಣೆಗೆ ಬೇಡ, ಸೋಪಿಗೆ ಬಗ್ಗದ ಬೇರಿನ ತಿಗಣೆಗೆ ಕೊನೆಯ ಉಪಾಯವಾಗಿ ಸರಿ. ಇದು ಬೇರಿನಿಂದ ಹೀರಿ ಗಿಡದ ರಸಕ್ಕೆ ಸೇರುವ ವಿಷ. ಅಂದರೆ ಹೂವಿನ ಮಕರಂದಕ್ಕೂ ಸೇರುತ್ತದೆ, ಜೇನ್ನೊಣಕ್ಕೆ ಮಾರಕ. ಎಚೆವೇರಿಯಾ ಹೂಕಡ್ಡಿ ಬಿಟ್ಟಿದ್ದರೆ ಮೊದಲು ಕತ್ತರಿಸಿ, ಮುಂದಿನ ಕೆಲ ತಿಂಗಳೂ ಬಂದ ಹಾಗೆಲ್ಲ ಕತ್ತರಿಸುತ್ತಿರಿ. ಲೋಳೆಸರಕ್ಕೆ ಯಾವ ಕಾರಣಕ್ಕೂ ಹಾಕಬೇಡಿ, ಮನೆಯಲ್ಲಿ ಯಾರಾದರೂ ಅದರ ಲೋಳೆ ಬಳಸಿಯೇ ಬಳಸುತ್ತಾರೆ.

ಅಳತೆ: 17.8 ಎಸ್.ಎಲ್. ಎಂದು ಬರೆದಿರುವ ದ್ರಾವಣ ಲೀಟರ್ ನೀರಿಗೆ 0.3 ಮಿ.ಲೀ. ಚಮಚದಲ್ಲಿ ಇದು ಸಿಗುವುದಿಲ್ಲ. ಸೂಜಿ ತೆಗೆದ 1 ಮಿ.ಲೀ. ಸಿರಿಂಜ್ ಇದಕ್ಕೆಂದೇ ಇಟ್ಟುಕೊಳ್ಳಿ, ಮೇಲೆ ‘ವಿಷ’ ಎಂದು ಬರೆದು ಅಂಟಿಸಿ. ಹಿಂದಿನ ದಿನ ಬರೀ ನೀರು ಕೊಟ್ಟು ಮಣ್ಣು ನೆನೆದಿರಲಿ. ಒಣ ಕೋಕೋಪೀಟಿಗೆ ಸುರಿದರೆ ಔಷಧಿ ಅಂಚಿನಿಂದ ಇಳಿದು ತಟ್ಟೆಗೆ ಬರುತ್ತದೆ. 4 ಇಂಚಿನ ಕುಂಡಕ್ಕೆ ಸುಮಾರು 100 ಮಿ.ಲೀ., ತಳದಿಂದ ತೊಟ್ಟಿಕ್ಕಲು ಶುರುವಾದರೆ ಸಾಕು. ಕೈಗವಸು, ಮಾಸ್ಕ್ ಕಡ್ಡಾಯ. ಉಳಿದ ದ್ರಾವಣ ಚರಂಡಿಗೆ ಹೋಗಬಾರದು, ಆದ್ದರಿಂದ ಬೇಕಾದಷ್ಟೇ ಕಲಸಿ. ಸಕ್ಯುಲೆಂಟ್‌ಗಳು ನೀರು ಎಳೆಯುವುದು ನಿಧಾನ, ಫಲ ಕಾಣಲು ಎರಡು ಮೂರು ವಾರ ಬೇಕು. ಎರಡನೇ ದಿನ ಹುಳ ಬದುಕಿದೆ ಎಂದು ಮತ್ತೆ ಸುರಿಯುವುದೇ ದೊಡ್ಡ ತಪ್ಪು. ಚಳಿಗಾಲದಲ್ಲಿ ಬೆಳವಣಿಗೆ ನಿಂತ ಗಿಡಕ್ಕೆ ಕೊಟ್ಟರೆ ರಸಕ್ಕೆ ಏರುವುದೇ ಇಲ್ಲ.

ಅಂಗಡಿಯವರು ಮ್ಯಾಲಥಿಯಾನ್ ಎಂಬ ಕೀಟನಾಶಕ ಕೊಟ್ಟರೆ ಬೇಡ ಎನ್ನಿ. ಎಚೆವೇರಿಯಾ, ಜೇಡ್, ಗ್ರಾಪ್ಟೊಪೆಟಲಮ್ ಎಲ್ಲ ಒಂದೇ ಕುಟುಂಬದವು, ಈ ಕುಟುಂಬಕ್ಕೆ ಅದು ಹಿಡಿಸದು, ಎಲೆ ಸುಟ್ಟು ಉದುರುತ್ತದೆ. ಇಮಿಡಾಕ್ಲೋಪ್ರಿಡ್ ಹಾಕಿದ ಮೇಲೆ ಎಲೆ ಮಂಕಾಗಿ, ಸೂಜಿಯಲ್ಲಿ ಚುಚ್ಚಿದಂತೆ ಚುಕ್ಕೆ ಬಿದ್ದು ನವಿರು ಬಲೆ ಕಂಡರೆ ಅದು ಕೆಂಪು ನುಸಿ. ಜೇಡದ ಬಳಗ, ಈ ಔಷಧಿ ಅದಕ್ಕೆ ನಾಟುವುದಿಲ್ಲ, ಎಷ್ಟೋ ಸಲ ಹೆಚ್ಚಿಸುತ್ತದೆ. ನೀರಿನ ರಭಸದಿಂದ ಎಲೆಯಡಿ ತೊಳೆಯುವುದೇ ಮೊದಲ ಮದ್ದು.

ಮಳೆಗಾಲ ಶುರುವಾದ ಮೇಲಾದರೆ ಇನ್ನೊಂದು ದಾರಿಯೂ ಇದೆ, ಲೆಕಾನಿಸಿಲಿಯಂ ಶಿಲೀಂಧ್ರದ ಪುಡಿ, ಲೀಟರಿಗೆ 5 ಗ್ರಾಂ, ಸಂಜೆ ಸಿಂಪಡಣೆ. ಗಾಳಿಯಲ್ಲಿ ತೇವ ಇದ್ದರಷ್ಟೇ ಅದು ಹುಳದ ಮೈಮೇಲೆ ಬೆಳೆಯುತ್ತದೆ. ಏಪ್ರಿಲ್ ಬಿಸಿಲಿಗೆ ದಂಡ.

ಬಯಲುಸೀಮೆ_ಗಿಡ

ಮಧ್ಯೆ ಒಂದು ಸಣ್ಣ ಪ್ರಶ್ನೆ. ಕುಂಡದಲ್ಲಿರುವ ಪಾಪಾಸುಕಳ್ಳಿಯ ಹಪ್ಪಳದಂಥ ಕಾಂಡದ ಮೇಲೆ ಬಿಳಿ ಹತ್ತಿ. ಒತ್ತಿದರೆ ಕುಂಕುಮದಂಥ ಗಾಢ ಕೆಂಪು ರಸ ಬರುತ್ತದೆ. ಇದೂ ಹಿಟ್ಟು ತಿಗಣೆಯೇ? ಪಕ್ಕದಲ್ಲಿ ಎಚೆವೇರಿಯಾ ಇವೆ.

ಕೀಟ_ಗಮನ

ಅಲ್ಲ, ಅದು ಕೋಚಿನೀಲ್ ಹುಳ, ಹಿಟ್ಟು ತಿಗಣೆಯ ದೂರದ ನೆಂಟ. ಕೆಂಪು ಬಣ್ಣ ತಯಾರಿಸಲು ಬಳಸುವ ಹುಳಗಳ ಜಾತಿ. ಹಿಟ್ಟು ತಿಗಣೆ ಒತ್ತಿದರೆ ರಸ ಹಳದಿ ಅಥವಾ ತಿಳಿಗುಲಾಬಿ, ಇಷ್ಟು ಗಾಢ ಕೆಂಪು ಬರುವುದಿಲ್ಲ. ಇದು ಪಾಪಾಸುಕಳ್ಳಿ ಬಳಗ ಬಿಟ್ಟು ಎಚೆವೇರಿಯಾಗೆ ಹೋಗುವುದಿಲ್ಲ, ಆ ಚಿಂತೆ ಬಿಡಿ.

ಇದಕ್ಕೆ ನಮ್ಮ ದೇಶದಲ್ಲಿ ಇತಿಹಾಸವೇ ಇದೆ. 1795ರಲ್ಲಿ ಬಣ್ಣದ ಉದ್ಯಮಕ್ಕೆಂದು ಬ್ರೆಜಿಲ್‌ನಿಂದ ಕಲ್ಕತ್ತೆಗೆ ತಂದದ್ದು ಉತ್ತಮ ಬಣ್ಣ ಕೊಡುವ ಹುಳವಲ್ಲ, ಅದರ ಕಾಡು ಸೋದರ. ಒಳ್ಳೆಯ ಬಣ್ಣ ಸಿಗಲಿಲ್ಲ, ಆದರೆ ಎಲ್ಲೆಡೆ ಹಬ್ಬಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಅದು ತಿಂದು ಹಾಕಿತು. ಇನ್ನೊಂದು ಜಾತಿಯ ಕಳ್ಳಿ ಹಾಗೇ ಉಳಿದಿತ್ತು, ಅದಕ್ಕಾಗಿ 1926ರಲ್ಲಿ ಶ್ರೀಲಂಕಾದಿಂದ ಬೇರೆ ಜಾತಿಯ ಕೋಚಿನೀಲ್ ತಂದು ದಕ್ಷಿಣ ಭಾರತದಲ್ಲಿ ಬಿಟ್ಟರು. ಕಳೆ ನಿವಾರಣೆಗೆ ಕೀಟವನ್ನು ಬಳಸಿದ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು.

ಕುಂಡದ ಗಿಡಕ್ಕಾದರೆ ಕೊಳವೆ ನೀರಿನ ರಭಸದಲ್ಲಿ ಹತ್ತಿ ಕೀಳಿಸಿ, ಒಣಗಿದ ಮೇಲೆ ಹಲ್ಲುಜ್ಜುವ ಹಳೆ ಬ್ರಷ್ಷಿಗೆ ಸ್ಪಿರಿಟ್ ಹಾಕಿ ಉಜ್ಜಿ. ಇಲ್ಲಿ ಉಜ್ಜಬಹುದು, ಕಾಂಡ ಗಟ್ಟಿ. ಬಹಳ ಹತ್ತಿದ ತುಂಡನ್ನು ಕೀಲಿನಲ್ಲಿ ಮುರಿದು ಬಿಡಿ. ಬಟ್ಟೆಗೆ ತಾಗಿದರೆ ಕಲೆ ಹೋಗದು.

ಕಳ್ಳಿಕುಂಡ

ತಾರಸಿ ಅವರೇ, ಬೇರಿಗೂ ಹುಳ ಹತ್ತಿದ ಆ ಎರಡು ಎಚೆವೇರಿಯಾಗಳಿಗೆ ಇನ್ನೊಂದು ದಾರಿ ಇದೆ. ಸುಳಿ ಇನ್ನೂ ಚೆನ್ನಾಗಿದ್ದರೆ ಬೇರನ್ನು ಉಳಿಸುವ ಗೋಜೇ ಬೇಡ. ತಲೆಯನ್ನು ಕಾಂಡದ ಎರಡು ಸೆಂಟಿಮೀಟರ್ ಜೊತೆ ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಕತ್ತರಿಸಿ. ಕೆಳಗಿನ ಎರಡು ಸುತ್ತು ಎಲೆ ತೆಗೆದು, ಬರಿದಾದ ಕಾಂಡವನ್ನು ಬ್ರಷ್ಷಿನಲ್ಲಿ ಸ್ಪಿರಿಟ್ ಮುಟ್ಟಿಸಿ ಪರೀಕ್ಷಿಸಿ. ಖಾಲಿ ಲೋಟದ ಬಾಯಿಯ ಮೇಲೆ ಕೂರಿಸಿ ನೆರಳಿನಲ್ಲಿ ಒಂದು ವಾರ ಬಿಡಿ, ಆಮೇಲೆ ಒಣ ಇಟ್ಟಿಗೆ ಚೂರಿನ ಮೇಲೆ. ಎರಡು ಮೂರು ವಾರದಲ್ಲಿ ಗುಲಾಬಿ ಬಣ್ಣದ ಬೇರು ಬರುತ್ತದೆ, ಬರುವವರೆಗೆ ನೀರು ಬೇಡ. ತೆಗೆದ ಎಲೆಗಳಿಂದಲೂ ಮರಿ ಮಾಡಬಹುದು, ಆದರೆ ಎಲೆಯ ಬುಡದ ಗುಳಿಯಲ್ಲಿ ಮರಿಹುಳ ಇಲ್ಲವೆಂದು ಭೂತಗನ್ನಡಿಯಲ್ಲಿ ನೋಡಿದ ನಂತರವೇ. ಹಳೆ ಬುಡ, ಬೇರು, ಮಣ್ಣು ಎಲ್ಲ ಕವರಿಗೆ.

ಗೊಬ್ಬರ ಮೂರು ತಿಂಗಳು ನಿಲ್ಲಿಸಿ. ಸಾರಜನಕ ಹೆಚ್ಚಾದ ಮೆದು ಎಲೆಯಲ್ಲಿ ತಿಗಣೆ ಬೇಗ ಬೆಳೆಯುತ್ತದೆ, ಮೊಟ್ಟೆಯೂ ಹೆಚ್ಚು. ಹೊಸ ಗಿಡ ತಂದಾಗ, ಲಾಲ್‌ಬಾಗ್ ಪ್ರದರ್ಶನದಿಂದಲೇ ಆಗಲಿ, ನರ್ಸರಿಯಿಂದಲೇ ಆಗಲಿ, ಬಂದ ದಿನವೇ ಕುಂಡದಿಂದ ಜಾರಿಸಿ ಬೇರು ನೋಡಿ, ಉಳಿದ ಗಿಡಗಳಿಂದ ದೂರ 30 ದಿನ ಇಡಿ.

ತಾರಸಿ_ಮೈಸೂರು

ಹವೊರ್ಥಿಯಾ ಆರನ್ನೂ ಸೋಪಿನ ನೀರಿಗೆ ಹಾಕಿ ಒಣಗಲು ಇಟ್ಟಾಯಿತು, ಬೋರಿಕ್ ಇಟ್ಟ ಕಡೆ ಇರುವೆ ಸಾಲು ಹೇಳಿದ ಹಾಗೇ ದಪ್ಪ ಆಗಿದೆ. ಕೊನೆಯದಾಗಿ ಒಂದು: ಲೋಳೆಸರದ ಎಲೆ ಬುಡದಲ್ಲಿ ಹತ್ತಿ ಇಲ್ಲ, ಆದರೆ ಚಪ್ಪಟೆ ಬಿಳಿ ಹೊಪ್ಪಳೆಗಳಂತೆ ಅಂಟಿಕೊಂಡಿವೆ. ಅಂಟೂ ಇಲ್ಲ, ಇರುವೆಯೂ ಇಲ್ಲ.

ಮಣ್ಣು_ಮರಳು

ಅದು ಕವಚ ಇರುವ ಶಲ್ಕ ಕೀಟ. ಸಿಹಿ ಅಂಟು ಬಿಡದ ಬಗೆ, ಅದಕ್ಕೇ ಇರುವೆ ಇಲ್ಲ. ಮರದ ಟೂತ್‌ಪಿಕ್ ತುದಿಯಿಂದ ಎತ್ತಿದರೆ ಹೊಪ್ಪಳೆ ಎದ್ದು ಅಡಿಯಲ್ಲಿ ಹಳದಿ ಹುಳ ಕಾಣುತ್ತದೆ. ಕವಚದ ಮೇಲಿಂದ ಸ್ಪಿರಿಟ್ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ಮೆದು ಬ್ರಷ್ಷನ್ನು ಸೋಪಿನ ನೀರಿನಲ್ಲಿ ಅದ್ದಿ ಉಜ್ಜಿ ಮೊದಲು ಕವಚ ಕೀಳಬೇಕು, ಆಮೇಲೆ ಆ ಜಾಗಕ್ಕೆ ಸ್ಪಿರಿಟ್. ವಾರಕ್ಕೊಮ್ಮೆ, ನಾಲ್ಕು ಸಲ. ಸತ್ತ ಕವಚ ತಾನಾಗಿ ಉದುರುವುದಿಲ್ಲ, ಆದ್ದರಿಂದ ಕೀಳದೆ ಬಿಟ್ಟರೆ ಸತ್ತದ್ದು ಯಾವುದು, ಬದುಕಿದ್ದು ಯಾವುದು ತಿಳಿಯುವುದಿಲ್ಲ. ಹೊರಸುತ್ತಿನ ಹಳೆ ಎಲೆ ಮೂರೋ ನಾಲ್ಕೋ ಪೂರ್ತಿ ಮುಚ್ಚಿಹೋಗಿದ್ದರೆ ಬುಡದಿಂದ ಕತ್ತರಿಸಿಬಿಡಿ, ಲೋಳೆಸರಕ್ಕೆ ಅದೇನೂ ಲೆಕ್ಕವಿಲ್ಲ.